ಕೊನೆಯ ಸಾಲಿನ ಕೊಲೆಗಾರ

ಕನ್ನಡಕದಕ್ಕನ ಕೈಯಲ್ಲಿ ಹತ್ತೊಂಬತ್ತು ವರ್ಷದಿಂದ ಒಂದೇ ರಟ್ಟು. ಮೂಲೆಗಳೆಲ್ಲ ಸವೆದು ದುಂಡಗಾಗಿದ್ದವು. ಕನ್ನಡಕದಂಗಡಿಯ ಹಿಂದಿನ ಪುಟ್ಟ ಕೋಣೆಯಲ್ಲಿ ಗಿರಾಕಿಯನ್ನು ತಿರುಗುವ ಕುರ್ಚಿಯ ಮೇಲೆ ಕೂರಿಸುವುದು, ಮೂಗಿನ ಮೇಲೆ ಭಾರದ ಪರೀಕ್ಷಾ ಚೌಕಟ್ಟು ಏರಿಸುವುದು, ಅದಕ್ಕೆ ಗಾಜಿನ ಬಿಲ್ಲೆಗಳನ್ನು ಒಂದೊಂದಾಗಿ ಸಿಕ್ಕಿಸುತ್ತಾ ರಟ್ಟನ್ನು ಕೈಗೆ ಕೊಟ್ಟು "ಓದಿ" ಅನ್ನುವುದು, ಇಷ್ಟು ಆಕೆಯ ಕೆಲಸ. ರಟ್ಟಿನ ಮೇಲಿನ ಸಾಲು ಹೆಬ್ಬೆರಳಿನ ಉಗುರಿನಷ್ಟು ದಪ್ಪ ಅಕ್ಷರದ್ದು. ಕೆಳಗಿಳಿದಂತೆ ಅಕ್ಷರ ಕಿರಿದಾಗುತ್ತಾ ಹೋಗಿ, ಕೊನೆಯ ಸಾಲು ಇರುವೆ ಸಾಲಿನಂತೆ ಕಾಣುತ್ತಿತ್ತು. ಎಲ್ಲಿಯವರೆಗೆ ಓದುತ್ತಾರೆ ಅನ್ನುವುದರ ಮೇಲೆ ಕನ್ನಡಕದ ನಂಬರು.

ರಟ್ಟಿನ ಮೇಲೆ ಕಂಪನಿಯವರು ಅಚ್ಚು ಹಾಕಿಸಿದ್ದ ವಿಷಯ ಶುಚಿತ್ವ. "ಶುಚಿತ್ವವು ಆರೋಗ್ಯದ ತಳಹದಿ" ಎಂದು ಶುರುವಾಗಿ, ಉಗುರು ಕತ್ತರಿಸುವುದು, ಕೈ ತೊಳೆಯುವುದು ಎಲ್ಲ ದಾಟಿ, "ಬಚ್ಚಲನ್ನು ವಾರಕ್ಕೊಮ್ಮೆ ಉಜ್ಜತಕ್ಕದ್ದು" ಎಂದು ಇರುವೆ ಅಕ್ಷರದಲ್ಲಿ ಮುಗಿಯುತ್ತಿತ್ತು. ದಿನಕ್ಕೆ ಹದಿನೆಂಟು ಸಲ ಅದನ್ನು ಕೇಳಿದವರಿಗೇ ಅದರ ಕಷ್ಟ ಗೊತ್ತು. ಅದನ್ನು ಬರೆದ ಪುಣ್ಯಾತ್ಮ ಕೈಗೆ ಸಿಕ್ಕಿದ್ದರೆ ಅಕ್ಕ ಅವನನ್ನು ಬಚ್ಚಲಲ್ಲೇ ಕೂಡಿಹಾಕುತ್ತಿದ್ದಳು. ಎರಡನೆಯ ಕಾದಂಬರಿಯಲ್ಲಿ ಅಂಥ ಒಬ್ಬನನ್ನು ಕೂಡಿಹಾಕಿಯೂ ಇದ್ದಳು.

ಹೌದು, ಅಕ್ಕ ಕಾದಂಬರಿ ಬರೆಯುತ್ತಿದ್ದಳು. ಪತ್ತೇದಾರಿ ಕಾದಂಬರಿ. ಆಗಲೇ ಮೂರು ಅಚ್ಚಾಗಿದ್ದವು. ಮೂರರ ಪ್ರತಿಗಳೂ ಪ್ರಕಾಶಕರ ಗೋದಾಮಿನಲ್ಲಿ ಸುಖವಾಗಿ ಮಲಗಿದ್ದವು. ಮನೆಯಲ್ಲಿ ಓದುಗ ಎಂದರೆ ಗಂಡ ಒಬ್ಬನೇ. ಲಿಫ್ಟ್ ರಿಪೇರಿ ಮಾಡುವ ಆ ಮನುಷ್ಯ ಮೂರನೆಯ ಅಧ್ಯಾಯಕ್ಕೇ ಪುಸ್ತಕ ಮಡಚಿ, ಕೊಲೆಗಾರನ ಹೆಸರು ಹೇಳಿ, ಹಾಯಾಗಿ ಮಲಗಿಬಿಡುತ್ತಿದ್ದ. ಮೂರೂ ಸಲ ಸರಿ! ಹೇಗೆ ಎಂದು ಕೇಳಿ ಕೇಳಿ ಸಾಕಾದ ಮೇಲೆ ಒಂದು ದಿನ ಬಾಯಿ ಬಿಟ್ಟ.

"ಕನ್ನಡಕ ಹಾಕಿದವರನ್ನ ಕೊಲೆಗಾರ ಮಾಡೋಕೆ ನಿನಗೆ ಮನಸ್ಸು ಬರಲ್ಲ. ಕನ್ನಡಕ ಇಲ್ಲದವನು ಯಾರು ನೋಡ್ತೀನಿ, ಅವನೇ."

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ನಾಲ್ಕನೆಯ ಕಾದಂಬರಿ ಶುರು ಮಾಡುವಾಗ ಒಂದು ನಿರ್ಧಾರ ಮಾಡಿದಳು. ಇದು ಗುಟ್ಟು, ನಿಮಗೆ ಮಾತ್ರ ಹೇಳುತ್ತಿದ್ದೇನೆ: ಈ ಸಲ ಕೊಲೆಗಾರ ಯಾರೆಂದು ಯೋಚಿಸದೆಯೇ ಬರೆಯತೊಡಗಿದಳು. ಬರೆದವಳಿಗೇ ಗೊತ್ತಿಲ್ಲದ್ದನ್ನು ಈ ಲಿಫ್ಟಿನವನು ಹೇಗೆ ಊಹಿಸುತ್ತಾನೋ ನೋಡೇಬಿಡೋಣ ಎಂಬ ಹಟ. ಹತ್ತು ಅಧ್ಯಾಯ ಆದವು. ಗಂಡ ಊಹಿಸಲಿಲ್ಲ, ನಿಜ. ಆದರೆ ಅಕ್ಕನೂ ಊಹಿಸಲಿಲ್ಲ.

ಆ ಹತ್ತು ಅಧ್ಯಾಯಗಳನ್ನು ಹೊತ್ತುಕೊಂಡು ಪ್ರಕಾಶಕರ ಹತ್ತಿರ ಹೋದಳು. ಪ್ರಕಾಶಕರು ಹಸ್ತಪ್ರತಿಯನ್ನು ಎತ್ತಿಕೊಂಡು ತೋಳು ಚಾಚಿ ದೂರ ಹಿಡಿದರು, ಸ್ವಲ್ಪ ಹತ್ತಿರ ತಂದರು, ಮತ್ತೆ ದೂರ ಹಿಡಿದರು. ಕೊನೆಗೆ ತೂಕ ನೋಡುವವರ ಹಾಗೆ ಎರಡು ಸಲ ಎತ್ತಿ ಇಳಿಸಿ ಮೇಜಿನ ಮೇಲಿಟ್ಟರು. ಬೇರೆ ದಿನವಾಗಿದ್ದರೆ ಅಕ್ಕನಿಗೆ ಅಷ್ಟು ನೋಡಿದರೆ ಸಾಕಿತ್ತು. ಅವತ್ತು ಅವಳು ಬರಹಗಾರ್ತಿಯಾಗಿ ಕೂತಿದ್ದಳು, ಕಣ್ಣು ನೋಡುವವಳಾಗಿ ಅಲ್ಲ.

"ಕಥೆ ಚೆನ್ನಾಗಿದೆ," ಅಂದರು ಪ್ರಕಾಶಕರು, ಒಂದು ಪುಟವನ್ನೂ ತಿರುವದೆ. "ಆದರೆ ಅಮ್ಮ, ಈಗಿನ ಕಾಲದಲ್ಲಿ ಕಥೆ ಇದ್ದರೆ ಸಾಲದು. ಓದುಗರು ಬೇಕು. ಇಂಟರ್ನೆಟ್ಟಲ್ಲಿ ನಿಮ್ಮದೊಂದು ಪೇಜ್ ಮಾಡಿ, ಐನೂರು ಜನರನ್ನ ಸೇರಿಸಿ, ಆಮೇಲೆ ಬನ್ನಿ. ಮೂರು ತಿಂಗಳು ಟೈಮು. ಆಗಲಿಲ್ಲ ಅಂದ್ರೆ ನನ್ನ ಕೈಲೂ ಆಗಲ್ಲ."

"ಐನೂರು ಜನರನ್ನ ನಾನೆಲ್ಲಿಂದ ತರಲಿ?"

"ಬರಹಗಾರರಲ್ವಾ ನೀವು, ಹುಟ್ಟಿಸಿ."

ಕೊಲ್ಲುವುದು ಅಕ್ಕನಿಗೆ ರೂಢಿ, ಹುಟ್ಟಿಸುವುದು ಹೊಸದು. ಜಾಹೀರಾತು ಕಂಪನಿಯಲ್ಲಿ ಕೆಲಸ ಮಾಡುವ ತಂಗಿಯ ಮಗಳು ಬಂದು ಪೇಜ್ ಮಾಡಿಕೊಟ್ಟಳು. ಜೊತೆಗೆ ಬುದ್ಧಿಯನ್ನೂ ಹೇಳಿದಳು. "ದಿನಾ ಏನಾದರೂ ಹಾಕ್ತಾನೇ ಇರಬೇಕು ದೊಡ್ಡಮ್ಮ. ನೀವು ಬರೆಯೋ ಮೇಜು, ನಿಮ್ಮ ಟೀ ಕಪ್ಪು, ಕಿಟಕಿ ಆಚೆ ಕಾಣೋದು. ಓದುಗರಿಗೆ ನೀವು ಅವರ ಮನೆಯವರ ಥರ ಅನ್ನಿಸಬೇಕು."

ಅಕ್ಕ ಬರೆಯುವ ಮೇಜು ಎಂದರೆ ಮಡಚಿಟ್ಟ ಹೊಲಿಗೆ ಯಂತ್ರ. ಕಿಟಕಿಯಾಚೆ ಕಾಣುವುದು ಪಕ್ಕದ ಮನೆಯ ಗೋಡೆ. ಇರಲಿ ಎಂದು ಟೀ ಕಪ್ಪಿನ ಫೋಟೋ ಹಾಕಿದಳು. ಕಪ್ಪು ಎಲ್ಲಿ ತಗೊಂಡಿರಿ ಎಂದು ಮೈದುನ ಕೇಳಿದ. ಹಿಡಿ ಮುರಿದಿದೆಯಲ್ಲ ಎಂದು ನಾದಿನಿ ಬರೆದಳು. ಒಂದು ತಿಂಗಳು ಕಳೆಯುವಷ್ಟರಲ್ಲಿ ಪೇಜಿನಲ್ಲಿ ಮೂವತ್ತೊಂದು ಜನ ಸೇರಿದ್ದರು. ಅದರಲ್ಲಿ ಹತ್ತೊಂಬತ್ತು ಜನ ನೆಂಟರು, ನಾಲ್ಕು ಜನ ಬೂಟು ಮಾರುವವರು, ಒಬ್ಬ ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಚಿತ್ರ ಕಳಿಸಿ ಮಾಯವಾಗುವವನು. ಮನೆಯವರ ಥರ ಅನ್ನಿಸಬೇಕು ಅಂದಿದ್ದಳಲ್ಲ ಹುಡುಗಿ, ಇವರೆಲ್ಲ ಮನೆಯವರೇ. ಓದುಗರು ಎಲ್ಲಿ?

ಒಂದು ಮಧ್ಯಾಹ್ನ ಹನ್ನೊಂದನೆಯ ಗಿರಾಕಿ "ಬಚ್ಚಲನ್ನು ವಾರಕ್ಕೊಮ್ಮೆ" ಎಂದು ಕಷ್ಟಪಟ್ಟು ಓದುತ್ತಿದ್ದಾಗ ಅಕ್ಕನ ತಲೆಯಲ್ಲಿ ದೀಪ ಹತ್ತಿತು. ಎದುರಿಗೆ ದಿನಕ್ಕೆ ಹದಿನೆಂಟು ಜನ ಬಂದು ಕೂರುತ್ತಾರೆ. ಕೈಗೆ ಏನು ಕೊಟ್ಟರೂ ಓದುತ್ತಾರೆ. ಗಟ್ಟಿಯಾಗಿ ಓದುತ್ತಾರೆ. ಎದ್ದು ಓಡಿಹೋಗುವ ಹಾಗಿಲ್ಲ, ಮೂಗಿನ ಮೇಲೆ ಚೌಕಟ್ಟಿದೆ. ಇಂಥ ಭಾಗ್ಯ ಯಾವ ಲೇಖಕರಿಗಿದೆ!

ಮರುದಿನವೇ ಹೊಸ ರಟ್ಟು ಅಚ್ಚಾಗಿ ಬಂತು. ಅಕ್ಷರದ ಅಳತೆ ಒಂದು ಕೂದಲೂ ಅತ್ತಿತ್ತ ಆಗದಂತೆ ನೋಡಿಕೊಂಡಿದ್ದಳು. ಆ ವಿಷಯದಲ್ಲಿ ಅಕ್ಕ ಬಹಳ ಕಟ್ಟುನಿಟ್ಟು. ಮಾತು ಮಾತ್ರ ಬೇರೆ.

ಬಾಗಿಲು ತೆರೆದಿತ್ತು.
ದೀಪ ಉರಿಯುತ್ತಿತ್ತು. ಕುರ್ಚಿ ಖಾಲಿ.
ಮೇಜಿನ ಮೇಲಿದ್ದ ಲೋಟದಲ್ಲಿ ಹಾಲು ಇನ್ನೂ ಬಿಸಿಯಾಗಿತ್ತು.
ಪತ್ತೇದಾರ ಮಂಚದ ಕೆಳಗೆ ಬಗ್ಗಿ ನೋಡಿದ.
ಸತ್ತವನ ಕಾಲಲ್ಲಿದ್ದ ಚಪ್ಪಲಿ ಅವನದಲ್ಲ.

ಇದು ಹೊಸ ಕಾದಂಬರಿಯ ಮೊದಲ ಪುಟ. ಚಪ್ಪಲಿ ಯಾರದು, ಸತ್ತವನ ಕಾಲಿಗೆ ಹೇಗೆ ಬಂತು ಎಂಬುದು ಅಕ್ಕನಿಗೂ ಗೊತ್ತಿರಲಿಲ್ಲ. ಬರೆಯುವಾಗ ಚೆನ್ನಾಗಿ ಕಂಡಿತ್ತು, ಬರೆದಿದ್ದಳು.

ಮೊದಲು ಕೂತವರು ಅಂಚೆ ಕಚೇರಿಯ ಗುಮಾಸ್ತರು. ನಾಲ್ಕನೆಯ ಸಾಲಿಗೆ ಬಂದು ನಿಂತರು. "ಮಂಚದ ಕೆಳಗೆ ಬಗ್ಗಿ ನೋಡಿದ... ಮುಂದಿನದು ಕಾಣ್ತಿಲ್ಲ. ಏನಿತ್ತಮ್ಮ ಮಂಚದ ಕೆಳಗೆ?"

"ಕಾಣದಿದ್ದರೆ ಬಿಲ್ಲೆ ಬದಲಾಯಿಸ್ತೀನಿ ಇರಿ."

ಬಿಲ್ಲೆ ಬದಲಾಯಿತು. ಗುಮಾಸ್ತರು ಕೊನೆಯ ಸಾಲು ಓದಿ ಬೆಚ್ಚಿದರು. "ಆಮೇಲೆ?"

"ರಟ್ಟಿನ ಹಿಂದೆ ಪೇಜಿನ ವಿಳಾಸ ಇದೆ. ಅಲ್ಲಿ ಬನ್ನಿ."

ಅಲ್ಲಿಂದ ಶುರು. ವಾರಕ್ಕೊಂದು ಅಧ್ಯಾಯ ಪೇಜಿನಲ್ಲಿ. ಸೋಮವಾರಕ್ಕೊಂದು ಹೊಸ ರಟ್ಟು, ಅದರಲ್ಲಿ ಮುಂದಿನ ಅಧ್ಯಾಯದ ಐದು ಸಾಲು. ಪೇಜಿನಲ್ಲಿ ಬರುವ ಮೊದಲೇ ಆ ಐದು ಸಾಲು ಓದಬೇಕೆಂದರೆ ಕಣ್ಣು ಪರೀಕ್ಷೆಗೆ ಬರಬೇಕು. ಜನ ಬಂದರು! ಆರು ತಿಂಗಳ ಹಿಂದೆ ಕನ್ನಡಕ ಮಾಡಿಸಿಕೊಂಡವರು ಕಣ್ಣುಜ್ಜಿಕೊಂಡು ಬಂದರು. ಕಣ್ಣು ಗರುಡನಂತಿದ್ದವರೂ ಬಂದರು. ಅಂಗಡಿಯ ಯಜಮಾನ ಜನ್ಮದಲ್ಲಿ ಪುಸ್ತಕ ಮುಟ್ಟಿದವನಲ್ಲ. ಬೆಂಚಿನ ತುಂಬ ಕೂತ ಜನರನ್ನು ನೋಡಿ, "ಏನಾಗಿದೆಯಪ್ಪ ಈ ಊರಿನ ಕಣ್ಣಿಗೆ?" ಎಂದು ಒಳಗೊಳಗೇ ಕುಣಿದ.

ಪೇಜಿನಲ್ಲಿ ನೂರಾಯಿತು, ಇನ್ನೂರಾಯಿತು. ಮಾತುಕತೆಯೂ ಜೋರಾಯಿತು. ಅಕ್ಕ ಒಬ್ಬೊಬ್ಬರಿಗೂ ಉತ್ತರ ಬರೆಯುವಳು. ಅನುಮಾನ ಪಡುವವರಿಗೆ ಇನ್ನಷ್ಟು ಅನುಮಾನ ಹುಟ್ಟಿಸುವಳು. ಆದರೆ ಅವಳ ಜೀವ ಕಾಯುತ್ತಿದ್ದದ್ದು ಒಬ್ಬರ ಮಾತಿಗೆ. ಅವರು ಟೀಚರಮ್ಮ.

ಟೀಚರಮ್ಮ ಎಂದರೆ ಎಪ್ಪತ್ತೆರಡು ವರ್ಷದ ನಿವೃತ್ತ ಮುಖ್ಯೋಪಾಧ್ಯಾಯಿನಿ. ಮೂರು ಬೀದಿ ಆಚೆ ಸೊಸೆಯ ಜೊತೆ ವಾಸ. ಅವರ ಮಾತು ಯಾವಾಗಲೂ "ಒಂದು ಸಂಶಯ" ಎಂದೇ ಶುರುವಾಗುತ್ತಿತ್ತು. "ಒಂದು ಸಂಶಯ. ಹಾಲು ಬಿಸಿಯಾಗಿತ್ತು ಎಂದಿದ್ದೀರಿ. ಕೆನೆ ಕಟ್ಟಿತ್ತೋ ಇಲ್ಲವೋ?" ಅಕ್ಕ ಓದಿ ಕುಣಿದಾಡಿದಳು. ಕೆನೆಯ ಬಗ್ಗೆ ಅವಳು ಯೋಚಿಸಿಯೇ ಇರಲಿಲ್ಲ. ಮುಂದಿನ ಅಧ್ಯಾಯದಲ್ಲಿ ಕೆನೆ ಬಂತು. ಇಷ್ಟು ಕಣ್ಣಲ್ಲಿ ಕಣ್ಣಿಟ್ಟು ಓದುವವರು ಒಬ್ಬರಿದ್ದರೆ ಸಾಕು, ಬರೆದ ಜನ್ಮ ಸಾರ್ಥಕ ಎಂದು ಗಂಡನಿಗೆ ಹೇಳಿಕೊಂಡಳು.

ಟೀಚರಮ್ಮನಿಗೆ ಒಂದೇ ಒಂದು ದೋಷ, ಹೊಟ್ಟೆಯಲ್ಲಿ ಮಾತು ನಿಲ್ಲುತ್ತಿರಲಿಲ್ಲ. ಗೊತ್ತಾದದ್ದನ್ನು ಸಂಜೆಯೊಳಗೆ ಊರಿಗೆಲ್ಲ ಉಪ್ಪುಖಾರ ಹಚ್ಚಿ ಹಂಚಿಬಿಡುವರು.

ವಾರಕ್ಕೊಮ್ಮೆ ಅಂಗಡಿಗೂ ಬರುತ್ತಿದ್ದರು. ಹಳೆಯ ಚಿನ್ನದ ಬಣ್ಣದ ಕನ್ನಡಕ ಏರಿಸಿ, ಬೆನ್ನು ನೆಟ್ಟಗೆ ಮಾಡಿ, ತರಗತಿಯಲ್ಲಿ ನಿಂತವರ ಹಾಗೆ ರಟ್ಟನ್ನು ಓದುವರು. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ, ಎಲ್ಲಿ ದನಿ ಇಳಿಸಬೇಕೋ ಅಲ್ಲಿ ಇಳಿಸಿ, ಕೊನೆಯ ಸಾಲಿನವರೆಗೂ ನೀರು ಕುಡಿದಷ್ಟು ಸಲೀಸಾಗಿ. ಕಣ್ಣು ಅಳೆಯುವ ಯಂತ್ರದ ಕಡೆ ಕರೆದರೆ, "ಯಂತ್ರಗಿಂತ್ರ ಬೇಡ, ನನ್ನ ಕಣ್ಣು ನನಗೆ ಗೊತ್ತು" ಎಂದು ಎದ್ದುಬಿಡುವರು. ತನ್ನ ಸಾಲುಗಳನ್ನು ಅಷ್ಟು ಚೆಂದವಾಗಿ ಓದುವುದನ್ನು ಕೇಳಿ ಅಕ್ಕ ಕರಗಿಹೋಗುತ್ತಿದ್ದಳು. ಅಂಗಡಿಯ ಪುಸ್ತಕದಲ್ಲಿ ಅವರ ಹೆಸರಿನ ಮುಂದೆಯೂ ಅವರ ಕೈಗೆ ಕೊಟ್ಟ ಚೀಟಿಯಲ್ಲೂ ನಾಲ್ಕು ಸಲ "ದೃಷ್ಟಿ ಅತ್ಯುತ್ತಮ" ಎಂದು ಬರೆದಳು.

ಪೇಜಿನಲ್ಲಿ ನಾನೂರು ದಾಟಿತು. ಗಡುವಿಗೆ ಎರಡು ವಾರಕ್ಕಿಂತ ಸ್ವಲ್ಪ ಹೆಚ್ಚು ಉಳಿದಿತ್ತು. ಆಗ ಕ್ಷೌರದಂಗಡಿಯವನು ಹೊಸ ಕನ್ನಡಕ ಹಿಡಿದುಕೊಂಡು ಬಂದು ಯಜಮಾನನ ಮೇಲೆ ಹರಿಹಾಯ್ದ.

"ಇದನ್ನ ಹಾಕ್ಕೊಂಡು ಒಬ್ಬರ ಮೀಸೆ ಅರ್ಧ ಹಾರಿಸಿಬಿಟ್ಟೆ. ಅವರು ಮದುವೆ ಮನೆಗೆ ಹೊರಟಿದ್ದರು!"

ಆ ವಾರದಲ್ಲಿ ವಾಪಸು ಬಂದ ಕನ್ನಡಕ ಇದು ಏಳನೆಯದು. ಅಕ್ಕನಿಗೆ ತಲೆ ಬುಡ ತಿಳಿಯಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಅವಳ ನಂಬರು ತಪ್ಪಿದ್ದೇ ಇಲ್ಲ. ಕ್ಷೌರದವನನ್ನು ಮತ್ತೆ ಕುರ್ಚಿಯಲ್ಲಿ ಕೂರಿಸಿ ರಟ್ಟು ಕೊಟ್ಟಳು. ಅವನು ಗಳಗಳ ಓದಿದ, ಕೊನೆಯ ಸಾಲಿನವರೆಗೂ. ಅಕ್ಕ ಬಗ್ಗಿ ನೋಡಿದಳು. ಗಡಿಬಿಡಿಯಲ್ಲಿ ರಟ್ಟನ್ನು ತಲೆಕೆಳಗಾಗಿ ಕೊಟ್ಟಿದ್ದಳು.

"ಏನಯ್ಯ ಇದು?"

"ಬಾಯಿಪಾಠ ಅಕ್ಕ," ಅಂದ ಕ್ಷೌರದವನು ನಾಚಿಕೊಂಡು. "ಸೋಮವಾರ ಮೊದಲು ಬಂದವರು ರಟ್ಟಿನ ಫೋಟೋ ಹೊಡೆದು ಎಲ್ಲರಿಗೂ ಕಳಿಸ್ತಾರೆ. ನಮ್ಮ ಅಂಗಡಿಯಲ್ಲಿ ದಿನಕ್ಕೆ ಹತ್ತು ಸಲ ಓದ್ತೀವಿ. ನಿಮ್ಮೆದುರು ತಡವರಿಸಿದರೆ ನೀವು ಬೇಜಾರು ಮಾಡ್ಕೋತೀರಿ ಅಂತ..."

ಬರೆದದ್ದನ್ನು ಜನ ಬಾಯಿಪಾಠ ಮಾಡಿದ್ದಾರೆ! ಅಕ್ಕನಿಗೆ ಒಂದು ಕಣ್ಣಲ್ಲಿ ಹೆಮ್ಮೆ, ಇನ್ನೊಂದರಲ್ಲಿ ನಡುಕ. ಯಜಮಾನ ಹೊರಗಿನಿಂದ ಕೂಗುತ್ತಲೇ ಇದ್ದ, ಆ ದರಿದ್ರ ಕೊಲೆ ರಟ್ಟನ್ನು ಬಿಸಾಕಿ ಬಚ್ಚಲಿನದನ್ನೇ ತೆಗೆಯಿರಿ ಎಂದು. ಅಕ್ಕ ಒಂದು ವಾರ ಸಮಯ ಕೇಳಿದಳು. ಬಾಯಿಪಾಠದವರನ್ನು ಹಿಡಿಯಲು ಒಂದು ಉಪಾಯ ಹೂಡಿದಳು. ಎಲ್ಲರಿಗೂ ಚೆನ್ನಾಗಿ ಗೊತ್ತಿದ್ದ ಮೊದಲ ರಟ್ಟನ್ನೇ ಮತ್ತೆ ಅಚ್ಚು ಹಾಕಿಸಿದಳು, ಸಾಲು ಸಾಲಿಗೂ ಮಾತು ತಿರುಚಿ. ಬಾಗಿಲು ಮುಚ್ಚಿತ್ತು. ಕುರ್ಚಿಯ ಮೇಲೆ ಬೆಕ್ಕು. ಹಾಲಿನ ಜಾಗದಲ್ಲಿ ನೀರು. ಸತ್ತವನ ಕಾಲಲ್ಲಿದ್ದ ಚಪ್ಪಲಿ ಅವನದೇ.

"ಈ ವಾರ ಮೊಟ್ಟಮೊದಲ ರಟ್ಟೇ" ಎಂದು ಹೇಳಿ, ಫೋನು ಹೊರಗಿಡಿಸಿ ಕೈಗೆ ಕೊಡುವಳು, ತುಟಿ ಕಚ್ಚಿಕೊಂಡು ಕಾಯುವಳು. ಒಬ್ಬೊಬ್ಬರೇ ಬಲೆಗೆ ಬಿದ್ದರು. ಅಂಚೆ ಗುಮಾಸ್ತರಿಗೆ ಮೂರನೆಯ ಸಾಲಿನಲ್ಲಿ ನೀರು ಹಾಲಾಗಿ ಕಂಡಿತು. ದರ್ಜಿಗೆ ಕೊನೆಯ ಸಾಲಿನಲ್ಲಿ ಕಾಲು ಜಾರಿತು. ಎರಡು ದಿನ ಅಕ್ಕ ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು, ನಗುನಗುತ್ತಲೇ ಎಲ್ಲರ ನಂಬರು ಸರಿಮಾಡಿದಳು.

ಮೂರನೆಯ ದಿನ ಟೀಚರಮ್ಮ ಬಂದರು. ಕೂತರು. ಬೆನ್ನು ನೆಟ್ಟಗಾಯಿತು.

"ಬಾಗಿಲು ತೆರೆದಿತ್ತು," ಎಂದು ಓದಿದರು.

ಅಕ್ಕ ನಗಲು ಬಾಯಿ ತೆರೆದಿದ್ದಳು. ತೆರೆದ ಬಾಯಿ ಹಾಗೇ ಉಳಿಯಿತು. ಬೇರೆಯವರೆಲ್ಲ ತಪ್ಪಿದ್ದು ಕೆಳಗಿನ ಸಾಲುಗಳಲ್ಲಿ. ಮೊದಲ ಸಾಲಿನಲ್ಲಿ ಯಾರೂ ತಪ್ಪಿರಲಿಲ್ಲ. ಹೆಬ್ಬೆರಳ ಉಗುರಿನಷ್ಟು ದಪ್ಪ ಅಕ್ಷರ ಅದು. ಟೀಚರಮ್ಮ ದೀಪ ಉರಿಸಿದರು, ಕುರ್ಚಿ ಖಾಲಿ ಮಾಡಿದರು, ಹಾಲು ಬಿಸಿ ಇಟ್ಟರು, ದನಿ ಇಳಿಸಿ ಚಪ್ಪಲಿಯ ಸಾಲನ್ನು ಮುಗಿಸಿ, ಹೊಗಳಿಕೆಗೆ ಕಾದವರ ಹಾಗೆ ಮುಖ ಎತ್ತಿದರು. ಅಕ್ಕ ತಲೆ ತಗ್ಗಿಸಿ ನೆಲ ನೋಡಿದಳು. ಟೀಚರಮ್ಮನ ಬಲಗಾಲಿನಲ್ಲಿ ಅವರ ಕಂದು ಚಪ್ಪಲಿ ಇತ್ತು. ಎಡಗಾಲಿನಲ್ಲಿ ಇದ್ದದ್ದು ನೀಲಿಯದು, ಸೊಸೆಯದು.

ಅಕ್ಕ ತಡಮಾಡಲಿಲ್ಲ. ಸದ್ದಿಲ್ಲದೆ ಎದ್ದು ಪುಟ್ಟ ಟಾರ್ಚು ತಂದು ಅವರ ಕನ್ನಡಕ ತೆಗೆದು ನೋಡಿದಳು. ಎರಡು ಕಣ್ಣಲ್ಲೂ ಪೊರೆ ಬೆಳ್ಳಗೆ ಕಟ್ಟಿಕೊಂಡಿತ್ತು.

"ಟೀಚರಮ್ಮ, ಎಷ್ಟು ದಿನದಿಂದ?"

"ಏನು ಎಷ್ಟು ದಿನದಿಂದ?"

"ಈ ರಟ್ಟಲ್ಲಿ ಬಾಗಿಲು ಮುಚ್ಚಿದೆ."

ಟೀಚರಮ್ಮ ರಟ್ಟನ್ನು ಮಡಿಲಿಗಿಳಿಸಿದರು. ಆಮೇಲೆ ಮೆಲ್ಲಗೆ ಕೇಳಿದರು, "ಮುಚ್ಚಿದ್ದು ಯಾರು?"

ಅಳು ಬರುವಂತಿದ್ದ ಅಕ್ಕನಿಗೆ ಆ ಮಾತು ಕೇಳಿ ನಗುವೂ ಬಂತು. ಹೇಗಿದ್ದರೂ ಓದುಗರು ಓದುಗರೇ.

ಒಂದೊಂದೇ ಹೊರಬಂತು. ಒಂದೂವರೆ ವರ್ಷದಿಂದ ಮಂಜು ಮಂಜು, ಈಚೆಗೆ ಬರೀ ನೆರಳು. ಪೇಜಿನ ಬರಹವನ್ನು ಫೋನೇ ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಸೊಸೆಗೆ ತಿಳಿಯಬಾರದೆಂದು ಬಚ್ಚಲ ಬಾಗಿಲು ಹಾಕಿಕೊಂಡು ಕೇಳುವರು. ಸಂಶಯಗಳನ್ನೂ ಫೋನಿಗೆ ಬಾಯಲ್ಲೇ ಹೇಳುವರು. ರಟ್ಟಿನ ಸಾಲುಗಳನ್ನು ಯಾರಾದರೂ ಫೋನಿಗೆ ಬರೆದು ಕಳಿಸುವವರೆಗೆ ಕಾದು, ಬಾಯಿಪಾಠ ಮಾಡಿಕೊಂಡು ಅಂಗಡಿಗೆ ಬರುವರು. ಅವರು ಸೋಮವಾರ ಯಾವತ್ತೂ ಬಂದದ್ದಿಲ್ಲ ಎಂಬುದು ಅಕ್ಕನಿಗೆ ಈಗ ಹೊಳೆಯಿತು.

"ಮೂವತ್ತಾರು ವರ್ಷ ಮಕ್ಕಳಿಗೆ ಓದು ಕಲಿಸಿದವಳು ನಾನು," ಅಂದರು ಟೀಚರಮ್ಮ. "ಈಗ ನನಗೇ ಓದೋಕೆ ಬರಲ್ಲ ಅಂತ ಯಾವ ಬಾಯಲ್ಲಿ ಹೇಳಲಿ? ಆಪರೇಷನ್ ಅಂದ್ರೆ ಭಯ ನನಗೆ. ಕಣ್ಣಿಗೆ ಕತ್ತಿ ಹಾಕ್ತಾರೆ. ಇಲ್ಲಿ ಬಂದು ಓದಿದರೆ ನೀನು 'ಅತ್ಯುತ್ತಮ' ಅಂತ ಬರೆದುಕೊಡ್ತಿದ್ದೆ. ಅದನ್ನ ಸೊಸೆಗೆ ತೋರಿಸ್ತಿದ್ದೆ. ಅವಳೂ ಸುಮ್ಮನಾಗ್ತಿದ್ದಳು."

ಆ ನಾಲ್ಕು "ಅತ್ಯುತ್ತಮ"ಗಳೂ ಅಕ್ಕನ ಕೈಬರಹದಲ್ಲಿದ್ದವು. ಹೊಗಳಿಕೆಗೆ ಸೋತು, ಒಂದು ಸಲ ಟಾರ್ಚು ಹಾಕಿ ನೋಡುವ ಕೆಲಸವನ್ನೂ ಮಾಡಿರಲಿಲ್ಲ. ಅವಳಿಗೆ ನಾಚಿಕೆಯಾಯಿತು, ಯಾರ ಮುಖವನ್ನೂ ನೋಡಲಾಗದಷ್ಟು ನಾಚಿಕೆಯಾಯಿತು.

"ಇದು ತೆಗೆಸಿದರೆ ಹೋಗುವ ಪೊರೆ. ಅರ್ಧ ಗಂಟೆ ಕೆಲಸ. ಮಾಡಿಸ್ಕೊಳ್ಳಿ. ನಿಮ್ಮ ದಮ್ಮಯ್ಯ."

ಟೀಚರಮ್ಮ ಗದ್ದ ಎತ್ತಿದರು. ಹೆದರಿಕೆಯ ನಡುವೆಯೂ ಅವರ ಮುಖದಲ್ಲಿ ಕಿಲಾಡಿತನ ಇಣುಕಿತು. "ಮಾಡಿಸ್ಕೋತೀನಿ. ಕೊಲೆಗಾರ ಯಾರು ಹೇಳು. ಕತ್ತಿ ಕೆಳಗೆ ಮಲಗೋ ಮೊದಲು ಅದೊಂದು ಗೊತ್ತಾಗಲಿ."

ನೋಡಿ ಅಕ್ಕನ ಪಾಡು. ಕೊಲೆಗಾರ ಯಾರೆಂದು ಅವಳಿಗೇ ಗೊತ್ತಿಲ್ಲ. ಬಾಯಿಗೆ ಬಂದ ಒಂದು ಹೆಸರು ಹೇಳಿದರೆ ಟೀಚರಮ್ಮನ ಬಾಯಿಂದ ಸಂಜೆಯೊಳಗೆ ಊರಿಗೆ, ಊರಿನಿಂದ ಪೇಜಿಗೆ. ಕೊಲೆಗಾರ ಗೊತ್ತಾದ ಕಥೆಯ ಬಳಿ ಯಾರು ಉಳಿಯುತ್ತಾರೆ? ನಾನೂರ ಎಪ್ಪತ್ತನಾಲ್ಕು ಜನ ಆಗಿದ್ದರು, ಗಡುವಿಗೆ ಒಂಬತ್ತೇ ದಿನ. ಹೇಳದಿದ್ದರೆ ಈ ಹಟಮಾರಿ ಹೆಂಗಸು ಎದ್ದು ಹೋಗುತ್ತಾರೆ, ಇವತ್ತಲ್ಲ ನಾಳೆ ಯಾವುದೋ ಮೆಟ್ಟಿಲಿನಿಂದ ಬೀಳುತ್ತಾರೆ. ಅಕ್ಕ ದಿಕ್ಕು ತೋಚದೆ ಮತ್ತೆ ನೆಲ ನೋಡಿದಳು. ಒಂದು ಕಂದು, ಒಂದು ನೀಲಿ. ನೋಡುತ್ತಾ ನೋಡುತ್ತಾ, ಇಷ್ಟು ತಿಂಗಳಿಂದ ತಪ್ಪಿಸಿಕೊಂಡು ತಿರುಗುತ್ತಿದ್ದ ಕೊಲೆಗಾರ ಅವಳ ಕೈಗೆ ಸಿಕ್ಕಿಬಿದ್ದ.

"ಹೇಳಲ್ಲ," ಅಂದಳು ಅಕ್ಕ. "ಹೊಸ ರಟ್ಟಿನ ಕೊನೇ ಸಾಲಲ್ಲಿ ಬರೆಸಿ ಈ ಡ್ರಾಯರಲ್ಲಿ ಬೀಗ ಹಾಕಿಡ್ತೀನಿ. ಕಣ್ಣು ಮಾಡಿಸ್ಕೊಂಡು ಬಂದು ನೀವೇ ಓದಿ."

"ಅಷ್ಟರಲ್ಲಿ ಪೇಜಲ್ಲಿ ಹಾಕಿರ್ತೀಯ. ಫೋನು ನನಗೆ ಹೇಳಿರುತ್ತೆ. ಕತ್ತಿ ಯಾಕೆ?"

"ಹಾಕಲ್ಲ. ನೀವು ಓದೋವರೆಗೆ ಪೇಜಲ್ಲಿ ಒಂದಕ್ಷರ ಬರಲ್ಲ."

"ನಿನ್ನ ಐನೂರು?"

"ಬಿಡಿ ಅದನ್ನ."

ಬಿಡುವುದು ಸುಲಭವಾಗಿರಲಿಲ್ಲ. ಹೊಲಿಗೆ ಯಂತ್ರದ ಮುಂದೆ ಕೂತು ಅಕ್ಕ ಪೇಜಿನಲ್ಲಿ ಬರೆದಳು. ರಟ್ಟಿನಲ್ಲಿ ಕಥೆ ಹಾಕಿ ಹಲವರಿಗೆ ತಪ್ಪು ನಂಬರು ಕೊಟ್ಟಿದ್ದೇನೆ, ತಪ್ಪು ನನ್ನದು, ರಜೆಯ ದಿನವೂ ಅಂಗಡಿಯಲ್ಲಿರುತ್ತೇನೆ, ಬಂದು ಮತ್ತೆ ತೋರಿಸಿಕೊಳ್ಳಿ. ನನ್ನ ಓದುಗರೊಬ್ಬರು ತಮ್ಮ ಕಣ್ಣಿನಿಂದಲೇ ಓದುವವರೆಗೆ ಕಥೆ ಮುಂದುವರಿಯುವುದಿಲ್ಲ. ಯಾರು ಎಂದು ಬರೆಯಲಿಲ್ಲ.

ಜನ ಮೂಗು ಮುರಿದರು. ಇದೂ ಒಂದು ನಾಟಕ ಎಂದರು ಕೆಲವರು. ಲೆಕ್ಕ ಏರುವುದಿರಲಿ, ಇಳಿಯತೊಡಗಿತು. ಬೂಟು ಮಾರುವವರೂ ಬಿಟ್ಟುಹೋದರು. ಗಡುವಿನ ದಿನ ನಾನೂರ ಮೂವತ್ತೊಂದು. ಅಕ್ಕ ತಾನೇ ಪ್ರಕಾಶಕರಿಗೆ ಫೋನು ಮಾಡಿ ಆಗಲಿಲ್ಲ ಅಂದಳು. ಅವರು ಹೋಗಲಿ ಬಿಡಿ ಅಂದರು, ತುಂಬ ಸುಲಭವಾಗಿ. ಅವತ್ತು ಅಕ್ಕ ಅತ್ತಳು. ಗಂಡ ಪಕ್ಕದಲ್ಲಿ ಕೂತು, "ಕೊಲೆಗಾರ ಯಾರು ಅಂತ ನನಗಿನ್ನೂ ಗೊತ್ತಾಗಿಲ್ಲ ಕಣೆ. ಒಳ್ಳೇ ಪುಸ್ತಕ" ಎಂದ. ಆ ಮನುಷ್ಯನಿಗೆ ಗೊತ್ತಿದ್ದ ಸಮಾಧಾನ ಅಷ್ಟೇ, ಆದರೆ ಅದು ನಾಟಿತು.

ಸೊಸೆ ಮೊದಲು ಕೂಗಾಡಿದಳು, ಆಮೇಲೆ ಅತ್ತೆಯ ಕೈ ಹಿಡಿದುಕೊಂಡು ಆಸ್ಪತ್ರೆಗೆ ಹೋದಳು. ಒಂದು ಕಣ್ಣಾಯಿತು, ಕೆಲವು ವಾರ ಬಿಟ್ಟು ಇನ್ನೊಂದು. ಎಲ್ಲ ಮಾಗಿದ ಮೇಲೆ ಟೀಚರಮ್ಮ ಬಂದು ಕುರ್ಚಿಯಲ್ಲಿ ಕೂತರು, ಈ ಸಲ ಯಂತ್ರಕ್ಕೂ ತಲೆ ಕೊಟ್ಟರು. ಅಕ್ಕ ಹತ್ತಿರದ ಓದಿಗೆ ಬೇಕಾದ ಬಿಲ್ಲೆಗಳನ್ನು ಸಿಕ್ಕಿಸಿ, ಬೀಗ ತೆಗೆದು, ಹೊಸ ರಟ್ಟು ಕೊಟ್ಟಳು.

ಟೀಚರಮ್ಮ ಓದಲಿಲ್ಲ, ಮೊದಲು ಸುಮ್ಮನೆ ನೋಡಿದರು. ಬೆರಳಿಟ್ಟು ಅಕ್ಷರದ ಅಂಚು ಸವರಿದರು. ಆಮೇಲೆ ಶುರುಮಾಡಿದರು. ಹಿಂದಿನ ಗತ್ತು ಇರಲಿಲ್ಲ, ತಡವರಿಸುತ್ತಿದ್ದರು, ಮೊದಲ ತರಗತಿಯ ಮಗುವಿನ ಹಾಗೆ ಒಂದೊಂದೇ ಪದ. ಅಕ್ಕನಿಗೆ ಅದಕ್ಕಿಂತ ಚೆಂದದ ಓದು ಕೇಳಿದ ನೆನಪಿಲ್ಲ. ಕೊನೆಯ ಸಾಲಿಗೆ ಬಂದರು.

"ಕಣ್ಣು... ಕಾಣದಿದ್ದರೂ... ಕಾಣುತ್ತದೆಂದು ಊರನ್ನೇ ನಂಬಿಸಿದ್ದ ಮುದಿ ಟೀಚರು... ದೀಪ ಉರಿಯುತ್ತಿದ್ದರೂ ಗುರುತು ಸಿಗದೆ... ಸತ್ತವನ ಕಾಲಿಗೆ ತಮ್ಮ ಚಪ್ಪಲಿ ತೊಡಿಸಿ ಹೋಗಿದ್ದರು."

ಟೀಚರಮ್ಮನ ಮುಖ ಕೆಂಪಾಯಿತು.

"ಅಯ್ಯೋ ಪಾಪಿ! ನನ್ನನ್ನೇ ಕೊಲೆಗಾರ್ತಿ ಮಾಡಿದೆಯಲ್ಲೇ!"

"ಕೋಪವಾ?"

"ಕೋಪವಾ? ಮೂವತ್ತಾರು ವರ್ಷದಲ್ಲಿ ಎಷ್ಟು ಜನರನ್ನ ಕೊಲ್ಲಬೇಕು ಅನ್ನಿಸಿತ್ತು ಗೊತ್ತಾ ನನಗೆ!" ಎಂದು ನಕ್ಕರು, ನಗುತ್ತಾ ಕಣ್ಣೀರು ಒರೆಸಿಕೊಂಡರು, ಡಾಕ್ಟರು ಕಣ್ಣುಜ್ಜಬಾರದು ಅಂದದ್ದು ನೆನಪಾಗಿ ಕೈ ಕೆಳಗಿಳಿಸಿದರು.

ಮನೆಗೆ ಹೋಗಿ ಪೇಜಿನಲ್ಲಿ ಬರೆದರು, ಈ ಸಲ ಬೆರಳಿನಲ್ಲಿ. "ಒಂದು ಸಂಶಯವೂ ಉಳಿದಿಲ್ಲ. ಕೊಲೆಗಾರ ಯಾರೆಂದು ನನಗೆ ಗೊತ್ತು. ಹೇಳುವುದಿಲ್ಲ."

ಊರಿಗೆ ಹುಚ್ಚು ಹಿಡಿಯಿತು. ಟೀಚರಮ್ಮನ ಹೊಟ್ಟೆಯಲ್ಲಿ ಮಾತು ನಿಂತಿದೆ! ಇದು ಕೊಲೆಗಿಂತ ದೊಡ್ಡ ಸುದ್ದಿ. ಕ್ಷೌರದವನು ಗೋಗರೆದ, ಅಂಚೆ ಗುಮಾಸ್ತರು ಮನೆಗೇ ಹೋದರು, ಹಳೆಯ ವಿದ್ಯಾರ್ಥಿಗಳು ಎಲ್ಲೆಲ್ಲಿಂದಲೋ ಫೋನು ಮಾಡಿದರು. ಟೀಚರಮ್ಮ ತುಟಿ ಪಿಟಕ್ಕೆನ್ನಲಿಲ್ಲ. ಹೇಳಿದರೆ ಸಿಕ್ಕಿಬೀಳುವುದು ತಾವೇ ಅಲ್ಲವೇ! ಎರಡು ವಾರದಲ್ಲಿ ಪೇಜಿನಲ್ಲಿ ಒಂಬೈನೂರು ಜನ. ಅಕ್ಕ ಕಥೆಯ ಮುಂದಿನ ಅಧ್ಯಾಯಗಳನ್ನು ಒಂದೊಂದಾಗಿ ಬಿಟ್ಟಳು, ಕೊನೆಯದನ್ನು ಮಾತ್ರ ಬಿಡಲಿಲ್ಲ. ಅಂಗಡಿಯಲ್ಲಿ ಬಚ್ಚಲಿನ ರಟ್ಟು ಮತ್ತೆ ಕೆಲಸಕ್ಕೆ ಬಂದಿತ್ತು. ಅದನ್ನು ಯಾರಾದರೂ ಬಾಯಿಪಾಠ ಮಾಡುವ ಭಯವಿರಲಿಲ್ಲ.

ಒಂದು ಬೆಳಿಗ್ಗೆ ಪ್ರಕಾಶಕರೇ ಅಂಗಡಿಗೆ ಬಂದರು.

"ಅಮ್ಮ, ನಮ್ಮ ಮನೆಯವರು ನನ್ನನ್ನ ಬದುಕೋಕೆ ಬಿಡ್ತಿಲ್ಲ. ಆ ಕೊಲೆಗಾರ ಯಾರು ಹೇಳಿಬಿಡಿ."

"ಹೇಳೋಕೆ ಬರಲ್ಲ, ಓದಬೇಕು. ಕೂತ್ಕೊಳ್ಳಿ," ಎಂದು ಅಕ್ಕ ಬೀಗ ಹಾಕಿಟ್ಟಿದ್ದ ರಟ್ಟು ಕೊಟ್ಟಳು.

ಪ್ರಕಾಶಕರು ತೋಳು ಚಾಚಿ ದೂರ ಹಿಡಿದರು, ಹತ್ತಿರ ತಂದರು, ಮತ್ತೆ ದೂರ ಹಿಡಿದರು. ಈ ಸಲ ಅಕ್ಕ ಕಣ್ಣು ನೋಡುವವಳಾಗಿಯೇ ನಿಂತಿದ್ದಳು.

"ನನ್ನ ಮೂರು ಪುಸ್ತಕ ಅಚ್ಚು ಹಾಕಿದಿರಲ್ಲ, ಓದಿದ್ದಿರಾ?"

ಪ್ರಕಾಶಕರು ಬೆವರಿದರು. "ದಪ್ಪಕ್ಷರದಲ್ಲಿ ಇದ್ದಷ್ಟು ಓದಿದ್ದೆ."

ದಪ್ಪಕ್ಷರದಲ್ಲಿ ಇದ್ದದ್ದು ಪುಸ್ತಕದ ಹೆಸರು. ಅಕ್ಕ ಚೌಕಟ್ಟು ಏರಿಸಿ, ಬಿಲ್ಲೆ ಸಿಕ್ಕಿಸಿದಳು. ಪ್ರಕಾಶಕರ ಹುಬ್ಬು ಮೇಲೇರಿತು. ಅವರು ಸಾಲಿನಿಂದ ಸಾಲಿಗೆ ಇಳಿದರು, ಕೊನೆಯ ಸಾಲನ್ನು ಎರಡು ಸಲ ಓದಿದರು.

"ಟೀಚರಾ?" ಅಂದರು.

ಹೊರಗೆ ಬೆಂಚಿನ ಮೇಲೆ ಯಾರೋ ಕೆಮ್ಮಿದರು. ಪ್ರಕಾಶಕರು ಚೌಕಟ್ಟು ಹೊತ್ತ ತಲೆಯನ್ನು ತಿರುಗಿಸಿದರು. ಎಪ್ಪತ್ತೆರಡರ ಹೆಂಗಸೊಬ್ಬರು ಬೆನ್ನು ನೆಟ್ಟಗೆ ಮಾಡಿ ಕೂತು, ಅವರನ್ನೇ ನೋಡುತ್ತಾ ಕಾಲು ಅಲ್ಲಾಡಿಸುತ್ತಿದ್ದರು. ಒಂದು ಕಾಲಲ್ಲಿ ಕಂದು ಚಪ್ಪಲಿ, ಇನ್ನೊಂದರಲ್ಲಿ ನೀಲಿ. ಇವತ್ತು ಬೇಕೆಂದೇ ಹಾಕಿಕೊಂಡು ಬಂದಿದ್ದರು.

"ಪುಸ್ತಕ ಮಾಡೋಣಮ್ಮ," ಅಂದರು ಪ್ರಕಾಶಕರು ಸಣ್ಣ ದನಿಯಲ್ಲಿ, ತಮ್ಮ ಎರಡೂ ಕಾಲುಗಳನ್ನು ಕುರ್ಚಿಯ ಕೆಳಗೆ ಎಳೆದುಕೊಳ್ಳುತ್ತಾ.